ಮಿಡ್‌ಲ್ಯಾಂಡ್ ಗ್ರ್ಯಾಂಡ್ ಹೋಟೆಲ್, 1:200: ಮಾದರಿ ಕಟ್ಟಿದ ಕೆಲಸದ ದಾಖಲೆ

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ಮುಂಭಾಗವಾಗಿ ನಿಂತಿರುವ ಮಿಡ್‌ಲ್ಯಾಂಡ್ ಗ್ರ್ಯಾಂಡ್ ಹೋಟೆಲಿನ ಮಾದರಿಯನ್ನು 1:200ರ ಪ್ರಮಾಣದಲ್ಲಿ ಕಟ್ಟುತ್ತಿದ್ದೇನೆ. ಗಡಿಯಾರದ ಗೋಪುರ, ಯೂಸ್ಟನ್ ರಸ್ತೆಯ ಕಡೆಗಿನ ಮುಖ್ಯ ಸಾಲು, ಅದರ ಚಾವಣಿ ಮತ್ತು ಹಿಂಬದಿಯ ರೈಲು ಚಪ್ಪರದ ಎರಡು ಅಂಕಣಗಳು ಮುಗಿದಿವೆ. ಪಶ್ಚಿಮದ ತುದಿಯಲ್ಲಿ ಬಾಗಿ ರಸ್ತೆಯತ್ತ ಚಾಚಿಕೊಂಡಿರುವ ಭಾಗ ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ. ಬೆಂಗಳೂರಿನಲ್ಲಿ ಕಟ್ಟಡಗಳ ಮಾದರಿ ಮಾಡಿಕೊಡುವುದೇ ನನ್ನ ಕಸುಬಾದ್ದರಿಂದ ಉಪಕರಣಗಳಿಗೆ ಕೊರತೆಯಿರಲಿಲ್ಲ. ಆದರೆ ಅಪಾರ್ಟ್‌ಮೆಂಟುಗಳ ಮಾದರಿಗೆ ಪಳಗಿದ ಕೈಯ ರೂಢಿಗಳಲ್ಲಿ ಹೆಚ್ಚಿನವು ಈ ಕಟ್ಟಡದ ಮುಂದೆ ನಡೆಯಲಿಲ್ಲ. ಯಾವುದು ನಡೆಯಲಿಲ್ಲ, ಅದರ ಬದಲಿಗೆ ಏನು ಮಾಡಿದೆ ಎಂಬುದನ್ನು ಇದೇ ಬಗೆಯ ಕಟ್ಟಡಕ್ಕೆ ಕೈಹಾಕುವವರಿಗೆ ಉಪಯೋಗವಾಗಲೆಂದು ಬರೆದಿಡುತ್ತಿದ್ದೇನೆ.

ಹಂತ 1: ಯಾವ ವರ್ಷದ ಕಟ್ಟಡ

ಒಂದೂವರೆ ಶತಮಾನ ಬಾಳಿದ ಕಟ್ಟಡದ ಮಾದರಿ ಮಾಡುವವನು ಮೊದಲು ವರ್ಷವನ್ನು ಗೊತ್ತುಮಾಡಿಕೊಳ್ಳಬೇಕು. ಇಲ್ಲದಿದ್ದರೆ ಒಂದು ಕಾಲದ ಗೋಡೆಯ ಮೇಲೆ ಇನ್ನೊಂದು ಕಾಲದ ಚಾವಣಿ ಬಂದು ಕೂರುತ್ತದೆ. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಯವರು 1865ರಲ್ಲಿ ಏರ್ಪಡಿಸಿದ ಸ್ಪರ್ಧೆಯಲ್ಲಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರ ವಿನ್ಯಾಸ ಆಯ್ಕೆಯಾಯಿತು. 1868ರಲ್ಲಿ ಹೋಟೆಲಿನ ಕೆಲಸ ಹಿಡಿದು, 1873ರ ಮೇ 5ರಂದು ಪೂರ್ವ ಭಾಗವನ್ನು ಅತಿಥಿಗಳಿಗೆ ತೆರೆದರು. ಉಳಿದದ್ದು ಪೂರ್ಣಗೊಂಡದ್ದು 1876ರಲ್ಲಿ. 1935ರಲ್ಲಿ ಹೋಟೆಲು ಮುಚ್ಚಿದ ಮೇಲೆ ಅದೇ ಕೋಣೆಗಳಲ್ಲಿ ರೈಲ್ವೆ ಕಚೇರಿಗಳು ನಡೆದವು. 1960ರ ದಶಕದಲ್ಲಿ ಇದನ್ನು ಕೆಡವುವ ಮಾತು ಎದ್ದಾಗ ಕವಿ ಜಾನ್ ಬೆಚಮನ್ ಮತ್ತು ಹಳೆಯ ಕಟ್ಟಡಗಳ ಉಳಿವಿಗೆ ದುಡಿಯುವ ವಿಕ್ಟೋರಿಯನ್ ಸೊಸೈಟಿಯವರು ಅಡ್ಡ ನಿಂತರು. 1967ರಲ್ಲಿ ಇದು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡವಾಯಿತು. ಬೆಂಕಿ ಸುರಕ್ಷತೆಯ ನಿಯಮಗಳಿಗೆ ಹೊಂದದ ಕಾರಣ 1980ರ ದಶಕದಲ್ಲಿ ಕಚೇರಿಗಳೂ ಖಾಲಿಯಾದವು. 1990ರ ದಶಕದಲ್ಲಿ ಹೊರಮೈಯನ್ನು ಶುಚಿಗೊಳಿಸಿ ದುರಸ್ತಿ ಮಾಡಿದರು. 2011ರ ಮೇ 5ರಂದು, ಅಂದರೆ ಮೊದಲು ತೆರೆದ ತಾರೀಖಿನಂದೇ, ಕಟ್ಟಡವನ್ನು ಮತ್ತೆ ಹೋಟೆಲಾಗಿ ವಿಧ್ಯುಕ್ತವಾಗಿ ತೆರೆದರು.

ಈ ಇತಿಹಾಸ ಮಾದರಿಗೆ ಎರಡು ಕಡೆ ತಗಲುತ್ತದೆ. ಮೊದಲನೆಯದು ಬಣ್ಣ. 1990ಕ್ಕೆ ಮುಂಚಿನ ಫೋಟೋಗಳಲ್ಲಿ ಗೋಡೆ ಕಲ್ಲಿದ್ದಲ ಮಸಿ ಹಿಡಿದು ಕಪ್ಪಗಿದೆ, ಕಲ್ಲು ಎಲ್ಲಿ ಇಟ್ಟಿಗೆ ಎಲ್ಲಿ ಎಂದು ಬೇರ್ಪಡಿಸುವುದೇ ಕಷ್ಟ. ಆದ್ದರಿಂದ ಬಣ್ಣಕ್ಕೆ ಈಚಿನ ಫೋಟೋಗಳನ್ನು, ಚಾವಣಿ ಮತ್ತು ಹೊಗೆಗೂಡುಗಳ ಸ್ಥಾನಕ್ಕೆ ಹಳೆಯ ಫೋಟೋಗಳನ್ನು ನೋಡಿದೆ. ಎರಡನೆಯದು ಅಂತಸ್ತುಗಳ ಲೆಕ್ಕ. ಸ್ಕಾಟ್ ಅವರ ಮೂಲ ವಿನ್ಯಾಸದಲ್ಲಿದ್ದ ಹೆಚ್ಚುವರಿ ಅಂತಸ್ತನ್ನು ಕಂಪನಿಯವರು ಖರ್ಚು ಕಡಿಮೆ ಮಾಡಲೆಂದು ಕೈಬಿಡಿಸಿದರು. ಸ್ಪರ್ಧೆಯ ಕಾಲದ ಆ ಚಿತ್ರವನ್ನು ಆಧರಿಸಿ ನಾನು ತಯಾರಿಸಿದ ಮೊದಲ ಎಲಿವೇಷನ್‌ನಲ್ಲಿ, ಅಂದರೆ ಮುಂಗೋಡೆಯ ಅಳತೆಯ ಚಿತ್ರದಲ್ಲಿ, ಕಿಟಕಿಯ ಸಾಲುಗಳು ಫೋಟೋಗೆ ತಾಳೆಯಾಗದೆ ಎಲ್ಲವನ್ನೂ ಅಳಿಸಬೇಕಾಯಿತು. ವಿನ್ಯಾಸದ ಚಿತ್ರ ಎಷ್ಟೇ ಚೆಂದವಿದ್ದರೂ ಕಟ್ಟಿದ ಮೇಲಿನ ಫೋಟೋವನ್ನೇ ಪ್ರಮಾಣವಾಗಿಟ್ಟುಕೊಳ್ಳಬೇಕು. ಕೊನೆಗೆ 1876 ಎಂದು ಗೊತ್ತುಮಾಡಿದೆ: ಎಲ್ಲ ಭಾಗಗಳೂ ಮುಗಿದಿವೆ, ಗೋಡೆಗೆ ಮಸಿ ಇನ್ನೂ ಹಿಡಿದಿಲ್ಲ.

ಹಂತ 2: ಅಳತೆ ಮತ್ತು ತಳಹಲಗೆ

1:200ರಲ್ಲಿ ಒಂದು ಅಡಿಗೆ 1.524 ಮಿ.ಮೀ. ಈ ಸಂಖ್ಯೆಯನ್ನು ಕೆಲಸದ ಮೇಜಿನ ಮುಂದೆ ಬರೆದು ಅಂಟಿಸಿಕೊಂಡರೆ ವಿಕ್ಟೋರಿಯನ್ ಕಾಲದ ಅಡಿ ಅಂಗುಲದ ಲೆಕ್ಕದಲ್ಲಿ ಕಾಲ ವ್ಯರ್ಥವಾಗುವುದಿಲ್ಲ. ಸುಮಾರು 565 ಅಡಿಯ ಮುಂಭಾಗ 861 ಮಿ.ಮೀ. ಆಗುತ್ತದೆ, 270 ಅಡಿಯ ಆಸುಪಾಸಿನ ಗಡಿಯಾರ ಗೋಪುರ 411 ಮಿ.ಮೀ. ಎತ್ತರಕ್ಕೆ ಬರುತ್ತದೆ. ಮನೆಯ ಬಾಗಿಲಿನಲ್ಲಿ ಹಿಡಿದು ಸಾಗಿಸಲು ಇದಕ್ಕಿಂತ ದೊಡ್ಡ ಪ್ರಮಾಣ ಸಾಧ್ಯವಿರಲಿಲ್ಲ.

ತಳನಕ್ಷೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಆರ್ಡ್‌ನೆನ್ಸ್ ಸರ್ವೆಯ (ಬ್ರಿಟನ್ನಿನ ಸರ್ಕಾರಿ ನಕ್ಷೆ ಇಲಾಖೆ) ಲಂಡನ್ ನಕ್ಷೆಯನ್ನು ಬಳಸಿದೆ. ಅದು ಮೈಲಿಗೆ ಐದು ಅಡಿಯ ನಕ್ಷೆ, ಅಂದರೆ 1:1056. ಅದನ್ನು 5.28 ಪಟ್ಟು ಹಿಗ್ಗಿಸಿ ನೇರವಾಗಿ ಬೋರ್ಡಿನ ಮೇಲೆ ಅಂಟಿಸಿ ಕತ್ತರಿಸುವ ಯೋಚನೆ ಕೈಗೂಡಲಿಲ್ಲ. ಮೂಲದಲ್ಲಿ 0.3 ಮಿ.ಮೀ. ದಪ್ಪದ ಗೆರೆ ಹಿಗ್ಗಿಸಿದ ಮೇಲೆ 1.6 ಮಿ.ಮೀ. ಆಗುತ್ತದೆ, ಗೆರೆಯ ಒಳಬದಿಗೆ ಕತ್ತರಿಸಿದ ತುಂಡಿಗೂ ಹೊರಬದಿಗೆ ಕತ್ತರಿಸಿದ ತುಂಡಿಗೂ ಮಾದರಿಯಲ್ಲಿ ಒಂದು ಅಡಿಗಿಂತ ಹೆಚ್ಚಿನ ವ್ಯತ್ಯಾಸ. ನಾಲ್ಕು ಮೂಲೆಗಳಲ್ಲಿ ಹೀಗಾದರೆ ಯಾವ ಗೋಡೆಯೂ ಇನ್ನೊಂದಕ್ಕೆ ಕೂಡುವುದಿಲ್ಲ.

ಆದ್ದರಿಂದ ನಕ್ಷೆಯನ್ನು ಕೋನಗಳಿಗೆ ಮಾತ್ರ ಇಟ್ಟುಕೊಂಡು, ಅಳತೆಗೋಲನ್ನು ಕಟ್ಟಡದ ಒಳಗೇ ಹುಡುಕಿದೆ. ಸೇಂಟ್ ಪ್ಯಾಂಕ್ರಸ್‌ನಲ್ಲಿ ಅಂಥದೊಂದು ಅಳತೆ ಇದೆ: 14 ಅಡಿ 8 ಅಂಗುಲ. ರೀಜೆಂಟ್ಸ್ ಕಾಲುವೆಯ ಮೇಲೆ ಹಾದು ಬರುವ ಹಳಿಗಳು ರಸ್ತೆಯ ಮಟ್ಟಕ್ಕೆ ಇಳಿಯದೆ ನಿಲ್ದಾಣದೊಳಕ್ಕೆ ಎತ್ತರದಲ್ಲೇ ಬರುತ್ತವೆ, ಪ್ಲಾಟ್‌ಫಾರ್ಮಿನ ಕೆಳಗೆ ಒಂದು ಇಡೀ ನೆಲಮಾಳಿಗೆಯ ಜಾಗ ಉಳಿಯುತ್ತದೆ. ಎಂಜಿನಿಯರ್ ವಿಲಿಯಂ ಹೆನ್ರಿ ಬಾರ್ಲೋ ಆ ಜಾಗವನ್ನು ಬರ್ಟನ್ ಊರಿನಿಂದ ಬರುವ ಬಿಯರಿನ ಗೋದಾಮಿಗೆ ಬಿಟ್ಟು, ಪೀಪಾಯಿಗಳನ್ನು ಜೋಡಿಸಲು ಹೊಂದುವಂತೆ ಎರಕದ ಕಬ್ಬಿಣದ ಕಂಬಗಳ ಅಂತರವನ್ನು 14 ಅಡಿ 8 ಅಂಗುಲಕ್ಕೆ ನಿಗದಿ ಮಾಡಿದರು. ಮೇಲಿನ ಚಪ್ಪರದ ಕಮಾನುಗಳು ಅದರ ಎರಡರಷ್ಟು, 29 ಅಡಿ 4 ಅಂಗುಲಕ್ಕೆ ಒಂದರಂತೆ ಬರುತ್ತವೆ. ಮಾದರಿಯಲ್ಲಿ ಇವು 22.35 ಮತ್ತು 44.7 ಮಿ.ಮೀ. ನಕ್ಷೆಯ ಮೇಲೆ ಕಮಾನುಗಳ ಸಾಲನ್ನು ಎಣಿಸಿ ಪ್ರಮಾಣ ಸರಿಪಡಿಸಿಕೊಂಡ ಮೇಲೆ ಚಪ್ಪರದ 240 ಅಡಿ ಅಗಲ ತಾನಾಗಿಯೇ 366 ಮಿ.ಮೀ.ಗೆ ಬಂದು ನಿಂತಿತು. ಬಿಯರ್ ಪೀಪಾಯಿ ಇಷ್ಟು ನಿಖರವಾದ ಸ್ಕೇಲು ಎಂದು ಯಾರು ಎಣಿಸಿದ್ದರು?

ತಳಹಲಗೆ 1050 × 600 ಮಿ.ಮೀ. ಪ್ಲಾಟ್‌ಫಾರ್ಮ್ ಮಟ್ಟ ರಸ್ತೆಗಿಂತ ಸುಮಾರು 20 ಅಡಿ ಮೇಲಿದೆ, ಅಂದರೆ 30 ಮಿ.ಮೀ. 18 ಮತ್ತು 12 ಮಿ.ಮೀ. ಪ್ಲೈವುಡ್ ಎರಡನ್ನು ಒಂದರ ಮೇಲೊಂದು ಅಂಟಿಸಿ ಆ ಎತ್ತರ ಪಡೆದೆ. ಮುಂದಿನ ಇಳಿಜಾರು ದಾರಿಯನ್ನು 3 ಮಿ.ಮೀ. ಸನ್‌ಬೋರ್ಡಿನಲ್ಲಿ (ಹಗುರವಾದ ಪ್ಲಾಸ್ಟಿಕ್ ನೊರೆಹಲಗೆ) ಮಾಡಿದೆ. ಇದರಲ್ಲಿ ಹೇಳುವಂಥ ತೊಡಕೇನೂ ಬರಲಿಲ್ಲ.

ಹಂತ 3: ಗೋಡೆ

ಇಡೀ ಕೆಲಸದ ಜೀವಾಳ ಇಲ್ಲಿದೆ, ಹೆಚ್ಚು ಸಾಮಾನು ಹಾಳಾದದ್ದೂ ಇಲ್ಲಿಯೇ.

ನಮ್ಮ ಕಸುಬಿನಲ್ಲಿ ಗೋಡೆ ಎಂದರೆ 3 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅಥವಾ ಅಕ್ರಿಲಿಕ್ ಹಲಗೆ. ಕಿಟಕಿಗಳನ್ನು ಲೇಸರಿನಲ್ಲಿ ಕತ್ತರಿಸಿ, ಪ್ರೈಮರ್ ಹೊಡೆದು, ಮಾಸ್ಕಿಂಗ್ ಟೇಪು ಕಟ್ಟಿ, ಎರಡು ಮೂರು ಬಣ್ಣಗಳನ್ನು ಒಂದರ ಪಕ್ಕ ಒಂದು ಸಿಂಪಡಿಸುತ್ತೇವೆ. ಇದೇ ಕ್ರಮದಲ್ಲಿ ಮುಖ್ಯ ಸಾಲಿನ ಪೂರ್ವದ ಕಾಲುಭಾಗವನ್ನು ಮಾಡಿ ನೋಡಿದೆ. ಕಿಟಕಿಯ ನಡುವೆ ನಿಲ್ಲುವ ಕಲ್ಲುಗಂಬಗಳು ಮಾದರಿಯಲ್ಲಿ 1 ಮಿ.ಮೀ.ಗೂ ಕಡಿಮೆ ದಪ್ಪ, 3 ಮಿ.ಮೀ. ಎಂಡಿಎಫ್‌ನಲ್ಲಿ ಲೇಸರ್ ಕಿರಣ ಎರಡೂ ಬದಿಯಿಂದ ತಿಂದು ಅವು ಸುಟ್ಟ ಕಡ್ಡಿಗಳಾಗಿ ಉಳಿದವು, ಮುಟ್ಟಿದರೆ ಉದುರಿದವು. ಕಲ್ಲಿನ ಪಟ್ಟಿಗಳಿಗೆ ಕಟ್ಟಿದ ಮಾಸ್ಕಿಂಗ್ ಟೇಪನ್ನು ಕೀಳುವಾಗ ಕೆಳಗಿನ ಕೆಂಪು ಬಣ್ಣವೂ ಚಕ್ಕೆಯಾಗಿ ಎದ್ದುಬಂತು. ಟೇಪು ಸರಿಯಾಗಿ ಕೂತ ಕಡೆಗಳಲ್ಲೂ ಫಲ ತೃಪ್ತಿಕರವಾಗಿರಲಿಲ್ಲ. ಗೋಡೆ ಅಚ್ಚು ಹಾಕಿದ ಬಿಸ್ಕತ್ತಿನ ಡಬ್ಬಿಯಂತೆ ಕಾಣುತ್ತಿತ್ತು: ಬಣ್ಣವೆಲ್ಲ ಇದೆ, ಆಳ ಇಲ್ಲ.

ಏಕೆ ಹೀಗೆ ಎಂದು ತಿಳಿಯಲು ಲಂಡನ್ನಿಗೆ ಹೋಗಬೇಕಾಗಲಿಲ್ಲ. ಸ್ಕಾಟ್ ಅವರು ಭಾರತಕ್ಕೆ ಬಾರದೆಯೇ ಮುಂಬಯಿ ವಿಶ್ವವಿದ್ಯಾಲಯದ ಘಟಿಕೋತ್ಸವ ಸಭಾಂಗಣವನ್ನೂ ರಾಜಾಬಾಯಿ ಗೋಪುರವನ್ನೂ ವಿನ್ಯಾಸಗೊಳಿಸಿದರು. ಅವು ಸೇಂಟ್ ಪ್ಯಾಂಕ್ರಸ್ ಹೋಟೆಲು ಏಳುತ್ತಿದ್ದ ಕಾಲದಲ್ಲೇ ಕಟ್ಟಿದವು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಆಗುವವರೆಗೆ ನಮ್ಮ ಮುಂಬಯಿ ಕರ್ನಾಟಕದ ಪದವೀಧರರು ಪದವಿ ಪಡೆಯುತ್ತಿದ್ದದ್ದು ಇದೇ ವಿಶ್ವವಿದ್ಯಾಲಯದಿಂದ. ಮುಂಬಯಿಗೆ ಬೇರೆ ಕೆಲಸಕ್ಕೆ ಹೋದಾಗ ಆ ಕಟ್ಟಡಗಳ ಮುಂದೆ ನಿಂತು ಕಿಟಕಿಗಳನ್ನು ಓರೆಯಿಂದ ಫೋಟೋ ತೆಗೆದುಕೊಂಡೆ. ಗಾಜು ಗೋಡೆಯ ಮುಖದಲ್ಲಿಲ್ಲ, ಬಹಳ ಒಳಗಿದೆ. ಗೋಡೆಯ ಮುಖದಿಂದ ಗಾಜಿಗೆ ಹೋಗುವ ದಾರಿಯಲ್ಲಿ ಕಮಾನಿನ ಕಲ್ಲು ಒಂದು ಮೆಟ್ಟಿಲು, ಅದರೊಳಗೆ ತೆಳುಗಂಬ ಇನ್ನೊಂದು ಮೆಟ್ಟಿಲು, ಆಮೇಲೆ ಚೌಕಟ್ಟು. ಬಿಸಿಲು ಬಿದ್ದರೆ ಪ್ರತಿ ಮೆಟ್ಟಿಲಿಗೂ ಒಂದು ನೆರಳು.

ಲಂಡನ್ನಿನ ಹೋಟೆಲಿನಲ್ಲಿ ಈ ಮೆಟ್ಟಿಲುಗಳ ಜೊತೆಗೆ ಬಣ್ಣವೂ ಬದಲಾಗುತ್ತದೆ, ಏಕೆಂದರೆ ಪ್ರತಿ ಮೆಟ್ಟಿಲಿನ ಸಾಮಗ್ರಿಯೇ ಬೇರೆ. ಗೋಡೆಗೆ ನಾಟಿಂಗ್‌ಹ್ಯಾಮಿನ ಎಡ್ವರ್ಡ್ ಗ್ರಿಪ್ಪರ್ ಕಾರ್ಖಾನೆಯ ಕೆಂಪು ಇಟ್ಟಿಗೆ. ನಿಲ್ದಾಣಕ್ಕೂ ಹೋಟೆಲಿಗೂ ಸೇರಿ 6 ಕೋಟಿ ಇಟ್ಟಿಗೆ ಹಿಡಿಯಿತೆಂಬುದು ಪ್ರಚಲಿತ ಲೆಕ್ಕ. ಪಟ್ಟಿಗಳಿಗೂ ಕಮಾನುಗಳಿಗೂ ಆಂಕಾಸ್ಟರ್ ಮತ್ತು ಕೆಟನ್‌ನ ತಿಳಿಬಣ್ಣದ ಸುಣ್ಣಕಲ್ಲು ಮತ್ತು ಮ್ಯಾನ್ಸ್‌ಫೀಲ್ಡ್‌ನ ಕೆಂಪು ಮರಳುಗಲ್ಲು, ತೆಳುಗಂಬಗಳಿಗೆ ಪೀಟರ್‌ಹೆಡ್‌ನ ಹೊಳಪು ಕೊಟ್ಟ ಗ್ರಾನೈಟ್. ಸ್ಕಾಟ್ ಗೋಡೆ ಕಟ್ಟಿ ಆಮೇಲೆ ಬಣ್ಣ ಹಚ್ಚಲಿಲ್ಲ. ಬೇರೆ ಬೇರೆ ಬಣ್ಣದ ಸಾಮಗ್ರಿಯಿಂದಲೇ ಗೋಡೆ ಕಟ್ಟಿದರು. ಮಾದರಿಯನ್ನೂ ಹಾಗೆಯೇ ಕಟ್ಟಬೇಕು, ಅಂದರೆ ಬಣ್ಣಕ್ಕೊಂದು ಪದರು ಎಂದು ತೀರ್ಮಾನಿಸಿದ ಮೇಲೆ ಆಳದ ಸಮಸ್ಯೆ ಮತ್ತು ಟೇಪಿನ ಸಮಸ್ಯೆ ಎರಡೂ ಒಟ್ಟಿಗೆ ಬಗೆಹರಿದವು.

ಈಗಿನ ಗೋಡೆಯ ರಚನೆ ಹೊರಗಿನಿಂದ ಒಳಕ್ಕೆ ಹೀಗಿದೆ. ಮೊದಲನೆಯ ಪದರು 0.8 ಮಿ.ಮೀ. ಬೋರ್ಡು, ಕಮಾನಿನ ಕಲ್ಲುಗಳು ಮತ್ತು ಅಂತಸ್ತುಗಳ ನಡುವಿನ ಪಟ್ಟಿಗಳು ಮಾತ್ರ, ಕಲ್ಲಿನ ಬಣ್ಣ. ಎರಡನೆಯದು 1 ಮಿ.ಮೀ. ಬೋರ್ಡು, ಇಟ್ಟಿಗೆಯ ಮೈ, ಕೆಂಪು. ಮೂರನೆಯದು ಮತ್ತೆ 0.8 ಮಿ.ಮೀ., ಕಿಟಕಿಯ ಒಳಗಿನ ಕಲ್ಲಿನ ಚೌಕಟ್ಟು. ಕೊನೆಗೆ ಓಎಚ್‌ಪಿ ಹಾಳೆ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ), ಅದರ ಮೇಲೆ ಮರದ ಕಿಟಕಿಯ ಗೆರೆಗಳನ್ನು ಮುದ್ರಿಸಿದೆ. ಪ್ರತಿ ಪದರನ್ನೂ ಬೇರೆಯಾಗಿ ಕತ್ತರಿಸಿ, ಬೇರೆಯಾಗಿ ಬಣ್ಣ ಹೊಡೆದು, ಒಣಗಿದ ಮೇಲೆ ಜೋಡಿಸಿದೆ. ಬಣ್ಣ ಹೊಡೆಯಲು ಮಾಸ್ಕಿಂಗ್ ಟೇಪು ಎಲ್ಲೂ ಬೇಕಾಗಲಿಲ್ಲ.

ಲೇಸರ್ ಕತ್ತರಿಸುವವರಿಗೆ ಮೊದಲೇ ಹೇಳಬೇಕಾದ ಮಾತು: ಈ ದಪ್ಪದ ಬೋರ್ಡನ್ನು ಒಂದೇ ಸಲ ಹೆಚ್ಚು ಶಕ್ತಿಯಲ್ಲಿ ಕತ್ತರಿಸಿದರೆ ಅಂಚು ಕಂದಾಗಿ, ತಿಳಿಗಲ್ಲಿನ ಬಣ್ಣದ ಕೆಳಗಿಂದಲೂ ಕಾಣುತ್ತದೆ. ಕಡಿಮೆ ಶಕ್ತಿಯಲ್ಲಿ ಎರಡು ಸಲ ಓಡಿಸಿ, ಬೋರ್ಡಿನ ಮೇಲ್ಮೈಗೆ ಕಾಗದದ ಟೇಪು ಹಚ್ಚಿ ಕತ್ತರಿಸಿದರೆ ಹೊಗೆಯ ಕಲೆ ಟೇಪಿನೊಂದಿಗೆ ಹೋಗುತ್ತದೆ. ಅಂಚುಗಳನ್ನು ಸಣ್ಣ ಉಪ್ಪುಕಾಗದದಲ್ಲಿ ಒಮ್ಮೆ ಸವರಿ ಬಣ್ಣ ಹೊಡೆಯಬೇಕು.

ಇಟ್ಟಿಗೆಯ ಗೆರೆಗಳಿರುವ ಸಿದ್ಧ ಹಾಳೆಗಳನ್ನು ತಂದಿದ್ದೆ, ಬಳಸಲಿಲ್ಲ. ಒಂದು ಇಟ್ಟಿಗೆಯ ವರಸೆ ಗಾರೆ ಸೇರಿ ಸುಮಾರು 75 ಮಿ.ಮೀ. ಎಂದರೆ ಮಾದರಿಯಲ್ಲಿ ಅದು 0.375 ಮಿ.ಮೀ.; ಅಂಗಡಿಯ ಹಾಳೆಗಳಲ್ಲಿ ಅದರ ಎರಡು ಮೂರು ಪಟ್ಟು ದಪ್ಪ. ಅಲ್ಲದೆ ಈ ಕಟ್ಟಡದ ಇಟ್ಟಿಗೆ ಗಟ್ಟಿಯಾಗಿ, ಅಂಚು ಚೂಪಾಗಿ, ಗಾರೆಯ ಗೆರೆ ತೀರ ತೆಳುವಾಗಿರುವಂಥದು. ದೂರದಿಂದ ಗೋಡೆ ಒಂದೇ ಮೈಯಾಗಿ ಕಾಣುತ್ತದೆ. ಆದ್ದರಿಂದ ಇಟ್ಟಿಗೆಯ ಪದರನ್ನು ನುಣ್ಣಗೇ ಬಿಟ್ಟೆ. ಕೆಂಪು ಬಣ್ಣಕ್ಕೆ ಮಾತ್ರ ಹತ್ತರಲ್ಲಿ ಒಂದು ಪಾಲು ಬಿಳಿ ಬೆರೆಸಿದೆ. ನಿಜವಾದ ಇಟ್ಟಿಗೆಯ ಬಣ್ಣವನ್ನೇ ಇಷ್ಟು ಚಿಕ್ಕ ಮಾದರಿಗೆ ಹೊಡೆದರೆ ಅದು ಕಪ್ಪಾಗಿ ಕಾಣುತ್ತದೆ.

ತೆಳುಗಂಬಗಳಿಗೆ ಬೇಕಾದದ್ದು ಬೂದು ಬಣ್ಣದ, ಹೊಳಪಿನ, ಸಮನಾದ ಕಡ್ಡಿ. ತಾಮ್ರದ ತಂತಿಯನ್ನು ನೇರ ಮಾಡಿ ಬಣ್ಣ ಹೊಡೆಯುವ ಪ್ರಯತ್ನ ಸೋತಿತು. ಎಷ್ಟು ಎಳೆದರೂ ಸಣ್ಣ ಅಲೆ ಉಳಿಯುತ್ತದೆ, ಸಾಲಾಗಿ ನಿಲ್ಲಿಸಿದಾಗ ಆ ಅಲೆ ಎದ್ದು ಕಾಣುತ್ತದೆ. ಕೊನೆಗೆ ಒದಗಿದ್ದು ಕ್ಲಚ್ ಪೆನ್ಸಿಲಿನ 0.7 ಮಿ.ಮೀ. ಕಡ್ಡಿ. ಅದು ನೇರವಾಗಿದೆ, ದಪ್ಪ ಸಮನಾಗಿದೆ, ಗ್ರಾಫೈಟಿನ ಹೊಳಪು ಬೂದು ಗ್ರಾನೈಟಿಗೆ ಹತ್ತಿರ. ಬ್ಲೇಡಿನ ಅಂಚಿಗೆ ಒತ್ತಿ ಮುರಿದರೆ ಬೇಕಾದ ಉದ್ದಕ್ಕೆ ಚೊಕ್ಕವಾಗಿ ತುಂಡಾಗುತ್ತದೆ. ಫೆವಿಕ್ವಿಕ್ಕಿನಿಂದ ಅಂಟಿಸಿದಾಗ ಕಡ್ಡಿಯ ಮೇಲೆ ಬಿಳಿ ಪುಡಿ ಹಿಡಿಯಿತು. ಫೆವಿಕಾಲನ್ನು ಗುಂಡುಸೂಜಿಯ ತುದಿಯಲ್ಲಿ ಎರಡೂ ಕೊನೆಗೆ ಮುಟ್ಟಿಸಿ ನಿಲ್ಲಿಸಿದರೆ ಸಾಕು. ಕಡ್ಡಿ ಮುಟ್ಟಿದ ಬೆರಳಿನಿಂದ ಕಲ್ಲಿನ ಪದರನ್ನು ಮುಟ್ಟಬಾರದು. ಮಸಿ ಅಳಿಸಲು ಹೋದರೆ ಬಣ್ಣವೇ ಹೋಗುತ್ತದೆ.

ಹಂತ 4: ರೈಲು ಚಪ್ಪರದ ಎರಡು ಅಂಕಣ

ಹೋಟೆಲಿನ ಬೆನ್ನಿಗೆ ಚಪ್ಪರದ ಸ್ವಲ್ಪ ಭಾಗವಾದರೂ ಇರಲೇಬೇಕು. ಇಲ್ಲದಿದ್ದರೆ ಈ ಕಟ್ಟಡ ಏಕೆ ಇಲ್ಲಿ ನಿಂತಿದೆ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ಬಾರ್ಲೋ ಅವರು ರೋಲೆಂಡ್ ಮೇಸನ್ ಆರ್ಡಿಶ್ ಅವರ ನೆರವಿನಿಂದ ರೂಪಿಸಿ, ಬಟರ್ಲಿ ಕಂಪನಿಯವರು ಕಬ್ಬಿಣದಲ್ಲಿ ಕಟ್ಟಿದ ಈ ಚಪ್ಪರ 1868ರಲ್ಲೇ ಬಳಕೆಗೆ ಬಂತು. ನಡುವೆ ಒಂದೂ ಕಂಬವಿಲ್ಲದೆ 240 ಅಡಿ ಹಾರುವ ಅದು ಆ ಕಾಲದ ಜಗತ್ತಿನಲ್ಲಿ ಅತಿ ಅಗಲದ ಚಪ್ಪರವಾಗಿತ್ತು. ನೆತ್ತಿಯಲ್ಲಿ ಕಮಾನು ತುಸು ಚೂಪಾಗಿರುವುದರಿಂದ ಹೋಟೆಲಿನ ಚೂಪು ಕಮಾನುಗಳಿಗೂ ಅದು ಹೊಂದಿಕೊಳ್ಳುತ್ತದೆ.

ಮೂರು ಕಮಾನುಗಳನ್ನು 2 ಮಿ.ಮೀ. ಅಕ್ರಿಲಿಕ್‌ನಲ್ಲಿ ಲೇಸರ್ ಕತ್ತರಿಸಿದೆ. ಎತ್ತರ 152 ಮಿ.ಮೀ., ಕಮಾನಿನ ಆಳ 9 ಮಿ.ಮೀ., ಒಳಗಿನ ಜಾಲರಿಯ ಪಟ್ಟಿ 0.8 ಮಿ.ಮೀ. ಕ್ಲೋರೋಫಾರ್ಮ್ ಹಚ್ಚಿ ಉದ್ದದ ಪಟ್ಟಿಗಳನ್ನು ಕೂಡಿಸಿದಾಗ ಕತ್ತರಿಸಿದ ಅಂಚಿನುದ್ದಕ್ಕೂ ಕೂದಲೆಳೆಯ ಬಿರುಕುಗಳು ಹಬ್ಬಿ, ಜಾಲರಿ ಮರುದಿನಕ್ಕೆ ತುಂಡು ತುಂಡಾಯಿತು. ಲೇಸರಿನ ಶಾಖದಿಂದ ಅಂಚಿನಲ್ಲಿ ಬಿಗಿತ ಉಳಿದಿರುತ್ತದೆ. ಕ್ಲೋರೋಫಾರ್ಮ್ ಸೋಕಿದ ಕೂಡಲೇ ಅದು ಬಿರುಕಾಗಿ ಬಿಡುಗಡೆಯಾಗುತ್ತದೆ. ದಪ್ಪ ಹಲಗೆಗಳಲ್ಲಿ ಇದು ಗಮನಕ್ಕೆ ಬರುವುದಿಲ್ಲವಾದ್ದರಿಂದ ದಿನನಿತ್ಯದ ಕೆಲಸದಲ್ಲಿ ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಸದಾಗಿ ಕತ್ತರಿಸಿದ ತುಂಡುಗಳನ್ನು ಗಾಜಿನ ಹಲಗೆಯ ಮೇಲಿಟ್ಟು, ಓವನ್ನಿನಲ್ಲಿ 80 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಬಾಗಿಲು ತೆರೆಯದೆ ಆರಲು ಬಿಟ್ಟು, ಆಮೇಲೆ ಅಂಟಿಸಿದೆ. ಒಂದು ಬಿರುಕೂ ಬರಲಿಲ್ಲ.

ಇನ್ನೊಂದು ತೊಡಕು ಹೆಚ್ಚು ಸ್ವಾರಸ್ಯದ್ದು. ಕಮಾನುಗಳನ್ನು ನಿಲ್ಲಿಸಿ, ಮೇಲೆ ಉದ್ದದ ಪಟ್ಟಿಗಳನ್ನೂ ಗಾಜಿನ ಹಾಳೆಯನ್ನೂ ಕೂರಿಸಿ, ಕೆಲವು ದಿನ ಬಿಟ್ಟು ಕ್ಯಾಲಿಪರ್ ಹಿಡಿದಾಗ ಬುಡದ ಅಗಲ 366ರಿಂದ 369 ಮಿ.ಮೀ.ಗೆ ಹೋಗಿತ್ತು. ಕಮಾನಿನ ಕಾಲುಗಳು ಹೊರಕ್ಕೆ ಜಾರುತ್ತಿದ್ದವು. ಹೊರಗಿನಿಂದ ಆನಿಕೆ ಕೊಟ್ಟು ತಡೆಯುವುದು ಮೊದಲು ಹೊಳೆದ ಉಪಾಯ. ಆದರೆ ಸೇಂಟ್ ಪ್ಯಾಂಕ್ರಸ್‌ನಲ್ಲಿ ಅಂಥ ದಪ್ಪ ಆನಿಕೆಗಳಿಲ್ಲ, ಚಪ್ಪರದ ಒಳಗೆ ಅಡ್ಡಲಾಗಿ ಬಿಗಿದ ಸರಳುಗಳೂ ಇಲ್ಲ. ಬಾರ್ಲೋ ಪ್ಲಾಟ್‌ಫಾರ್ಮಿನ ನೆಲವನ್ನು ಹೊರುವ ಕಬ್ಬಿಣದ ತೊಲೆಗಳನ್ನೇ ಕಮಾನಿನ ಎರಡು ಕಾಲುಗಳನ್ನು ಹಿಡಿದೆಳೆಯುವ ಕಟ್ಟಾಗಿ ಬಳಸಿದರು. ನಾನೂ ಪ್ಲಾಟ್‌ಫಾರ್ಮಿನ ಹಲಗೆ ಬಿಚ್ಚಿ, ಪ್ರತಿ ಕಮಾನಿನ ಕೆಳಗೆ ಕಾಲಿನಿಂದ ಕಾಲಿಗೆ 2 ಮಿ.ಮೀ. ಅಕ್ರಿಲಿಕ್ ಪಟ್ಟಿಯೊಂದನ್ನು ಅಂಟಿಸಿ, ಹಲಗೆ ಮತ್ತೆ ಮುಚ್ಚಿದೆ. ಅಂದಿನಿಂದ ಅಗಲ 366 ದಾಟಿಲ್ಲ, ಮೇಲಿನಿಂದ ನೋಡುವವರಿಗೆ ಪಟ್ಟಿ ಕಾಣುವುದೂ ಇಲ್ಲ.

ಬಣ್ಣದಲ್ಲಿ ಮಾತ್ರ ವರ್ಷದ ಕಟ್ಟುನಿಟ್ಟನ್ನು ಸಡಿಲಿಸಿ, 2007ರಲ್ಲಿ ನಿಲ್ದಾಣ ನವೀಕರಣಗೊಂಡಾಗ ಕಮಾನುಗಳಿಗೆ ಬಳಿದ ಆಕಾಶನೀಲಿಯನ್ನೇ ಹೊಡೆದೆ. ಚಪ್ಪರದ ಒಳಗೆ ಹೋಟೆಲಿನ ಹಿಂಗೋಡೆಯ ಮೇಲಿರುವ ದೊಡ್ಡ ಗಡಿಯಾರವನ್ನು ಫೋಟೋ ಕಾಗದದಲ್ಲಿ ಮುದ್ರಿಸಿ ಅಂಟಿಸಿದೆ. ಅಲ್ಲಿ ಈಗಿರುವುದು ಡೆಂಟ್ ಸಂಸ್ಥೆಯವರು ಹೊಸದಾಗಿ ಮಾಡಿದ ಪ್ರತಿಕೃತಿ. ಮೂಲ ಗಡಿಯಾರವನ್ನು 1970ರ ದಶಕದಲ್ಲಿ ಮಾರಲೆಂದು ಇಳಿಸುವಾಗ ಬೀಳಿಸಿ ಒಡೆದರು. ಒಬ್ಬ ರೈಲ್ವೆ ನೌಕರರು ಚೂರುಗಳನ್ನು 25 ಪೌಂಡಿಗೆ ಕೊಂಡು, ಊರಿಗೆ ಸಾಗಿಸಿ, ತಮ್ಮ ಕೊಟ್ಟಿಗೆಯ ಗೋಡೆಯ ಮೇಲೆ ಮತ್ತೆ ಜೋಡಿಸಿದರು. ದುರಸ್ತಿಯ ದಾಖಲೆ ಬರೆಯಬೇಕಾದವರು ಯಾರಾದರೂ ಇದ್ದರೆ ಅವರು.

ಹಂತ 5: ಚಾವಣಿ ಮತ್ತು ಹೊಗೆಗೂಡುಗಳು

ಕಡಿದಾದ ಚಾವಣಿಗೆ ಲೆಸ್ಟರ್‌ಶೈರಿನ ಸ್ಲೇಟ್ ಕಲ್ಲು ಹೊದಿಸಿದ್ದಾರೆ. ಅಲ್ಲಿನ ಸ್ಲೇಟನ್ನು ಸೂರಿನ ಬಳಿ ದೊಡ್ಡದು, ನೆತ್ತಿಗೆ ಹೋದಂತೆ ಚಿಕ್ಕದು ಎಂಬ ಕ್ರಮದಲ್ಲಿ ಹಾಸುವ ವಾಡಿಕೆಯಿದೆ. ಬೂದು ಕಾಗದವನ್ನು ಕೆಳಗೆ 2 ಮಿ.ಮೀ., ಮೇಲೆ 1.2 ಮಿ.ಮೀ. ಕಾಣುವಂತೆ ಪಟ್ಟಿಗಳಾಗಿ ಕತ್ತರಿಸಿ ಒಂದರ ಮೇಲೊಂದು ಸರಿಸಿ ಅಂಟಿಸಿದೆ. ಫೆವಿಕಾಲಿನ ನೀರಿಗೆ ಕಾಗದ ಉಬ್ಬಿ ಮೊದಲ ಇಳಿಜಾರು ಅಲೆಅಲೆಯಾಯಿತು. ಎರಡು ಬದಿ ಅಂಟಿರುವ ಟೇಪನ್ನು ಇಡೀ ಇಳಿಜಾರಿಗೆ ಹಚ್ಚಿ, ಅದರ ಮೇಲೆ ಪಟ್ಟಿಗಳನ್ನು ಒಣದಾಗಿ ಒತ್ತಿದ ಮೇಲೆ ಸಮತಟ್ಟಾಗಿ ಕೂತವು.

ಹೊಗೆಗೂಡುಗಳನ್ನು ಕಡಿಮೆ ಮಾಡಬಾರದು. ಮುನ್ನೂರರಷ್ಟು ಮಲಗುವ ಕೋಣೆಗಳನ್ನು ಕಲ್ಲಿದ್ದಲ ಒಲೆಗಳಿಂದ ಬೆಚ್ಚಗಿಡುತ್ತಿದ್ದ ಕಟ್ಟಡ ಇದು. ಚಾವಣಿಯ ಮೇಲಿನ ಗೂಡುಗಳು ಅಲಂಕಾರಕ್ಕಲ್ಲ, ಕೆಳಗಿನ ಕೋಣೆಗಳ ಲೆಕ್ಕ. ಹೋಟೆಲು ಮುಚ್ಚಲು ಮುಖ್ಯ ಕಾರಣವೂ ಇದೇ ಕಾಲದ ವ್ಯವಸ್ಥೆ: ಕೋಣೆಗೊಂದು ಬಚ್ಚಲುಮನೆ ಇರಲಿಲ್ಲ, ಬೆಂಕಿ ತಾಳಲೆಂದು ದಪ್ಪವಾಗಿ ಕಟ್ಟಿದ ನೆಲಗಳನ್ನು ಕೊರೆದು ಕೊಳವೆ ಹಾಕುವುದು ಸುಲಭವಿರಲಿಲ್ಲ. ಮಾದರಿಯಲ್ಲಿ ಗೂಡುಗಳನ್ನು ಸನ್‌ಬೋರ್ಡಿನ ಕಡ್ಡಿಗಳಿಂದ ಮಾಡಿ, ಚಾವಣಿಗೆ ಅಂಟಿಸದೆ, ಇಳಿಜಾರಿನ ಮೂಲಕ ತೂರಿಸಿ ಒಳಗಿನ ಹಲಗೆಗೆ ಅಂಟಿಸಿದ್ದೇನೆ. ಮೇಲೆ ಅಂಟಿಸಿದವು ಧೂಳು ಒರೆಸುವಾಗಲೇ ಬಿದ್ದುಹೋದವು.

ಹಂತ 6: ಗಡಿಯಾರದ ಗೋಪುರ

ಗೋಪುರದ ಮೈಯನ್ನು ಮೂರನೆಯ ಹಂತದ ಪದರುಗಳ ಕ್ರಮದಲ್ಲೇ ಮಾಡಿ, ಒಳಗೆ 3 ಮಿ.ಮೀ. ಅಕ್ರಿಲಿಕ್ ಪೆಟ್ಟಿಗೆಯೊಂದನ್ನು ಬೆನ್ನೆಲುಬಾಗಿ ಇಟ್ಟೆ. ಮೂಲೆಯ ಕಿರುಶಿಖರಗಳನ್ನೂ ತುದಿಯ ಚೂಪು ಶಿಖರವನ್ನೂ ರೆಸಿನ್ ತ್ರೀಡಿ ಪ್ರಿಂಟಿನಲ್ಲಿ ಮಾಡಿಸಿದೆ. ಮೊದಲ ಶಿಖರವನ್ನು ರೆಸಿನ್ ಉಳಿಸಲು ಟೊಳ್ಳಾಗಿ ಮಾಡಿಸಿದ್ದೆ. ಏಪ್ರಿಲ್ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟಿದ್ದ ಅದು ತುದಿಯಲ್ಲಿ 4 ಮಿ.ಮೀ. ವಾಲಿತು, ಅಂದರೆ ನಿಜವಾದ ಗೋಪುರ 80 ಸೆಂ.ಮೀ. ಓರೆಯಾದಂತೆ. ಎರಡನೆಯದನ್ನು ಘನವಾಗಿ ಮಾಡಿಸಿ, ನಡುವೆ 1.5 ಮಿ.ಮೀ. ರಂಧ್ರ ಬಿಡಿಸಿ, ಉಕ್ಕಿನ ತಂತಿಯನ್ನು ಅರಾಲ್ಡೈಟ್ ಹಾಕಿ ಕೂರಿಸಿದೆ. ಆ ತಂತಿಯೇ ಕೆಳಗೆ ಇಳಿದು ಅಕ್ರಿಲಿಕ್ ಪೆಟ್ಟಿಗೆಗೆ ಸೇರುವುದರಿಂದ ಶಿಖರವನ್ನು ಬೇಕಾದಾಗ ಎತ್ತಿಡಬಹುದು. ಸಾಗಿಸುವಾಗ ಮೊದಲು ಮುರಿಯುವುದು ಶಿಖರವೇ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು.

ಖರ್ಚು

ತಳಹಲಗೆಯ ಪ್ಲೈವುಡ್ ಮತ್ತು ಅದರ ಕೊಯ್ತಕ್ಕೆ 1,650 ರೂಪಾಯಿ, ಬೋರ್ಡುಗಳಿಗೆ 900, ಲೇಸರ್ ಕತ್ತರಿಸಲು 4,800, ಅಕ್ರಿಲಿಕ್ ಮತ್ತು ಕ್ಲೋರೋಫಾರ್ಮಿಗೆ 1,150, ರೆಸಿನ್ ಪ್ರಿಂಟುಗಳಿಗೆ 3,900, ಬಣ್ಣ ಮತ್ತು ಪ್ರೈಮರಿಗೆ 2,300, ಅಂಟು, ಬ್ಲೇಡು, ಪೆನ್ಸಿಲ್ ಕಡ್ಡಿ ಇತ್ಯಾದಿಗೆ 700. ಒಟ್ಟು 15,400 ರೂಪಾಯಿ. ಇದರಲ್ಲಿ ಎಂಡಿಎಫ್ ಗೋಡೆ, ಬಿರುಕು ಬಿಟ್ಟ ಕಮಾನುಗಳು, ವಾಲಿದ ಶಿಖರ ಇವುಗಳಿಗೆ ಹೋದದ್ದು ಮೂರು ಸಾವಿರದಷ್ಟು. ಲೇಸರಿಗೆ ನಿಮಿಷದ ಲೆಕ್ಕದಲ್ಲಿ ಹಣ ಕೊಡುವುದರಿಂದ ಇಡೀ ಹಾಳೆ ಕೊಡುವ ಮುನ್ನ ಮೂರು ಕಿಟಕಿಗಳ ಒಂದು ತುಂಡನ್ನು ಕತ್ತರಿಸಿ ನೋಡುವುದು ಅಗ್ಗ.

ಹಂತ 7: ಪಶ್ಚಿಮದ ಬಾಗಿದ ಭಾಗ, ನಿಂತಿರುವ ಕೆಲಸ

ಹೋಟೆಲಿನ ಮುಖ್ಯ ಸಾಲು ರಸ್ತೆಯಿಂದ ಹಿಂದೆ ಸರಿದು ನಿಂತಿದೆ. ಪಶ್ಚಿಮದ ತುದಿಯಲ್ಲಿ ಅದು ಬಾಗಿ ಯೂಸ್ಟನ್ ರಸ್ತೆಯವರೆಗೆ ಬರುತ್ತದೆ. ಅಂಗಳದ ಕಡೆಯಿಂದ ಗೋಡೆ ಒಳಬಾಗು. ನೇರ ಗೋಡೆಗೆ ಅಷ್ಟು ಚೆನ್ನಾಗಿ ಒದಗಿದ ಪದರುಗಳ ಕ್ರಮ ಇಲ್ಲಿ ಎದುರು ತಿರುಗಿತು. ಮೊದಲು ಮೂರು ಪದರುಗಳನ್ನೂ ಅಂಟಿಸಿ, ಹಬೆ ಕೊಟ್ಟು, ಪ್ಲೈವುಡ್ ಅಚ್ಚಿನ ಮೇಲೆ ಬಗ್ಗಿಸಿದೆ. ಹಬೆಗೆ ಅಂಟು ಸಡಿಲಗೊಂಡು ಪದರುಗಳು ಬಿಟ್ಟುಕೊಂಡವು. ಆಮೇಲೆ ಪ್ರತಿ ಪದರನ್ನೂ ಬೇರೆಯಾಗಿ ಬಗ್ಗಿಸಿ ಒಣಗಿಸಿ ಅಂಟಿಸಿದಾಗ ಬಾಗು ನಿಂತಿತು, ಕಿಟಕಿಗಳು ತಪ್ಪಿದವು. ಒಳಬಾಗಿನಲ್ಲಿ ಮುಂದಿನ ಪದರು ಚಿಕ್ಕ ವೃತ್ತದ ಮೇಲೆ, ಹಿಂದಿನದು ದೊಡ್ಡ ವೃತ್ತದ ಮೇಲೆ ಕೂರುತ್ತದೆ, 0.8 ಮಿ.ಮೀ. ದಪ್ಪದ ಪದರಿಗೆ ಪ್ರತಿ 30 ಡಿಗ್ರಿ ಬಾಗಿಗೂ 0.4 ಮಿ.ಮೀ. ಉದ್ದ ಹೆಚ್ಚಬೇಕು. ಎಲ್ಲ ಪದರುಗಳನ್ನೂ ಒಂದೇ ಉದ್ದಕ್ಕೆ ಕತ್ತರಿಸಿದ್ದರಿಂದ ಬಾಗಿನ ಕೊನೆಗೆ ಬರುವ ಹೊತ್ತಿಗೆ ಹಿಂದಿನ ಕಲ್ಲಿನ ಚೌಕಟ್ಟು ಇಟ್ಟಿಗೆಯ ಹಿಂದೆ ಅರ್ಧ ಮರೆಯಾಗಿತ್ತು.

ಈಗ ಪ್ರತಿ ಪದರಿಗೂ ಅದರ ವೃತ್ತಕ್ಕೆ ತಕ್ಕ ಉದ್ದದಲ್ಲಿ ಬೇರೆ ಡ್ರಾಯಿಂಗ್ ಮಾಡಿದ್ದೇನೆ, ಕಿಟಕಿಗಳ ನಡುವಿನ ಇಟ್ಟಿಗೆಯ ಭಾಗದಲ್ಲಿ ಮಾತ್ರ ಉದ್ದ ಹೆಚ್ಚಿಸಿ ಕಿಟಕಿಯ ಅಗಲವನ್ನು ಹಾಗೇ ಉಳಿಸಿದ್ದೇನೆ. ಮೂರು ಕಿಟಕಿಗಳ ಮಾದರಿ ತುಂಡಿನಲ್ಲಿ ಎಲ್ಲ ಅಂಚುಗಳೂ ಒಂದಕ್ಕೊಂದು ಕೂತಿವೆ. ಬಾಗಿದ ಗೋಡೆ ನೇರ ಸಾಲಿಗೆ ಸೇರುವ ಮೂಲೆಯಲ್ಲಿ ಮಾತ್ರ ಒಂದು ಮಿಲಿಮೀಟರಿನ ಸಂದು ಉಳಿಯುತ್ತಿದೆ. 1873ರಲ್ಲಿ ಈ ಭಾಗ ಮುಗಿದಿರಲೇ ಇಲ್ಲವಲ್ಲ, ಹಲಗೆಯ ಮೇಲೆ 1873 ಎಂದು ಬರೆದುಬಿಡು ಎಂದು ನನ್ನ ಅಂಗಡಿಯ ಜೊತೆಗಾರರು ಸಲಹೆ ಕೊಟ್ಟರು. ತಳಹಲಗೆಯ ಮೇಲೆ 1876 ಎಂದು ಆಗಲೇ ಕೆತ್ತಿಸಿಯಾಗಿದೆ. ಆ ಸಂದು ಮುಚ್ಚುವವರೆಗೆ ಪಶ್ಚಿಮದ ಗೋಪುರವನ್ನು ಅಂಟಿಸದೆ, ಬೇಕಾದಾಗ ಸರಿಸಲು ಬರುವಂತೆ ಕೆಳಗಿನಿಂದ ಎರಡು ಸ್ಕ್ರೂಗಳ ಮೇಲೆ ನಿಲ್ಲಿಸಿದ್ದೇನೆ.